ಕೆಳಗಿನ ಸಾಲಿನ ಎಂಬತ್ತು ಡಬ್ಬಿ

ಮಾರ್ಚ್ 4

ದೊಡ್ಡ ಮಗಳಿಗೆ,

ಇದು ಕೆಲಸದ ಕಾಗದ, ಹಾಗೆಂದೇ ಓದಿಕೋ. ಎರಡು ವರ್ಷದಲ್ಲಿ ಯಾರು ಮೊದಲು ಬರೆಯಬೇಕಿತ್ತು, ಯಾರು ಬಿಗುಮಾನ ಬಿಡಲಿಲ್ಲ ಎಂಬುದನ್ನೆಲ್ಲ ಈಗ ಎತ್ತಿದರೆ ಅಂಚೆಚೀಟಿ ದಂಡ.

ವಿಷಯ ಹೀಗಿದೆ. ಬಂದರಿನ ಉಗ್ರಾಣದಲ್ಲಿ ನನ್ನ ವಶದಲ್ಲಿ ಸಾವಿರದ ಇನ್ನೂರು ಬಾಣಗಳಿವೆ. ನೀನು ನೋಡಿರುವವೇ. ನಡುಗಡಲಲ್ಲಿ ದೋಣಿ ಕೆಟ್ಟು ನಿಂತರೆ ಆಕಾಶಕ್ಕೆ ಹಾರಿಸಿ ಸಹಾಯಕ್ಕೆ ಕರೆಯುವ ಕೆಂಪು ಬೆಳಕಿನ ಬಾಣ. ಒಂದು ಡಬ್ಬಿಯಲ್ಲಿ ಐದು, ಒಟ್ಟು ಇನ್ನೂರ ನಲವತ್ತು ಡಬ್ಬಿ. ಮೇ ಒಂದಕ್ಕೆ ಮೀನುಗಾರಿಕೆ ಶುರು. ಅರವತ್ತು ದೋಣಿಗಳು, ದೋಣಿಗೊಂದು ಡಬ್ಬಿ. ಬಾಣಗಳಿಗೆ ವಯಸ್ಸಾಗಿದೆ, ಹೊಸವು ಬರುವುದು ಮುಂದಿನ ವರ್ಷ. ನೂರಕ್ಕೆ ಐದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಹಂಚುವಂತಿಲ್ಲ ಎಂದು ನಿಯಮ. ಬಾಣವಿಲ್ಲದೆ ದೋಣಿ ಇಳಿಯುವಂತಿಲ್ಲ ಎಂದು ಇನ್ನೊಂದು ನಿಯಮ.

ಕಳೆದ ವಾರ ನೂರು ಡಬ್ಬಿಯಿಂದ ಒಂದೊಂದು ತೆಗೆದು ನೂರು ಬಾಣ ಹಾರಿಸಿದೆವು. ಎರಡು ಠುಸ್ ಎಂದವು. ತಪಾಸಣೆಯವರು "ನೂರಕ್ಕೆ ಎರಡು, ಮುಗೀತಲ್ಲ ಯಜಮಾನ್ರೇ, ಸಹಿ ಹಾಕಿ" ಎಂದು ಪೆನ್ನು ಮುಂದೆ ಹಿಡಿದರು. ನನಗೆ ಕೈ ಏಳಲಿಲ್ಲ. ಹಾರಿದ ನೂರರ ವಿಷಯ ಗೊತ್ತಾಯಿತು, ಆದರೆ ಅವು ಮುಗಿದೇ ಹೋದವು. ಹಾರಿಸದೆ ಉಳಿದ ಸಾವಿರದ ನೂರರ ಬಗ್ಗೆ ನನಗೇನು ಗೊತ್ತು? ಎಲ್ಲವನ್ನೂ ಹಾರಿಸಿಬಿಟ್ಟರೆ ಗೊತ್ತಾಗುತ್ತದೆ, ಆಮೇಲೆ ದೋಣಿಗಳಿಗೆ ಹಂಚಲು ಖಾಲಿ ಡಬ್ಬಿ ಮಾತ್ರ ಇರುತ್ತದೆ.

ನೀನು ಆ ಪರೀಕ್ಷಾಲಯದಲ್ಲಿ ಹತ್ತಾರು ಬಲ್ಬು ಉರಿಸಿ ನೋಡಿ ಹತ್ತು ಸಾವಿರ ಬಲ್ಬಿನ ಹಣೆಬರಹ ಹೇಳುತ್ತೀಯಂತೆ. ನಿನ್ನ ತಂಗಿ ಹೇಳಿದಳು. ಈ ಸಲ ಅವಳ ಕೈಗೇ ಒಂದು ದೋಣಿಯ ಚುಕ್ಕಾಣಿ ಬಂದಿದೆ. ಅವಳಿಗೂ ಒಂದು ಡಬ್ಬಿ ಹೋಗುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಬೇರೇನೂ ಅಲ್ಲ.

ಇತಿ,
ಉಗ್ರಾಣದ ಮೇಲ್ವಿಚಾರಕ


ಮಾರ್ಚ್ 10

ಉಗ್ರಾಣದ ಮೇಲ್ವಿಚಾರಕರಿಗೆ ಅವರ ದೊಡ್ಡ ಮಗಳ ನಮಸ್ಕಾರ.

ಅಪ್ಪ, ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಬಾಗಿಲ ಬೀಗ ತೆಗೆಯುವಷ್ಟು ತಾಳ್ಮೆಯೂ ಇರಲಿಲ್ಲ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಪಕ್ಕದ ಮನೆಯಾಕೆ ಹೊರಗೆ ಬಂದು "ಏನಮ್ಮಾ, ಕೆಟ್ಟ ಸುದ್ದಿನಾ?" ಎಂದು ಕೇಳಿದರು. "ನಮ್ಮಪ್ಪ ಸಹಿ ಹಾಕಲ್ಲ ಅಂದಿದ್ದಾರೆ" ಎಂದು ಕುಣಿಯುವಂತೆ ಹೇಳಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ನಿಮಗೆ ಬಂದ ಅನುಮಾನ ಇದೆಯಲ್ಲ, ಅದು ನಮ್ಮ ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡು ಓಡಾಡುವ ಅರ್ಧ ಜನಕ್ಕೆ ಬರುವುದಿಲ್ಲ. ತಪಾಸಣೆಯವರು ಬರೆದ 'ಎರಡು' ಸುಳ್ಳಲ್ಲ. ಆದರೆ ಅದು ನೀವು ತೆಗೆದ ಆ ನೂರರ ಕಥೆ. ಬೇರೆ ನೂರು ತೆಗೆದಿದ್ದರೆ ನಾಲ್ಕು ಠುಸ್ ಎನ್ನಬಹುದಿತ್ತು, ಇನ್ನೊಂದು ನೂರರಲ್ಲಿ ಒಂದೂ ಇಲ್ಲದಿರಬಹುದಿತ್ತು. ಆದ್ದರಿಂದ ಇಡೀ ಉಗ್ರಾಣದ ಬಗ್ಗೆ ಒಂದೇ ಸಂಖ್ಯೆ ಹೇಳಬಾರದು, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕು. ಪುಸ್ತಕದಲ್ಲಿ ಇದಕ್ಕೆ 'ವಿಶ್ವಾಸಾಂತರ' ಎಂದು ದೊಡ್ಡ ಹೆಸರಿದೆ. ನಾನು ನಿನ್ನೆ ಊಟ ಬಿಟ್ಟು ಕೂತು ಹಾಕಿದೆ. ನಿಮ್ಮ ಎರಡು ಠುಸ್ಸಿನ ಅಂತರ, ನೂರಕ್ಕೆ ಸೊನ್ನೆಯ ತುಸು ಮೇಲಿನಿಂದ ಏಳರವರೆಗೆ.

ಏಳರವರೆಗೆ, ಅಪ್ಪ. ನಿಮ್ಮ ನಿಯಮದ ಐದು ಅದರೊಳಗೇ ಕಾಲು ಚಾಚಿ ಕೂತಿದೆ. ಬಾಣಗಳು ಚೆನ್ನಾಗಿಯೂ ಇರಬಹುದು, ಕೆಟ್ಟೂ ಇರಬಹುದು. ಈ ನೂರರಿಂದ ಹೇಳಲಾಗುವುದಿಲ್ಲ. ನೀವು ಪೆನ್ನು ಮುಟ್ಟದೆ ಇದ್ದದ್ದೇ ಸರಿ.

ಈ ಅಂತರವೂ ದೇವರ ವಾಕ್ಯವಲ್ಲ. ಹೀಗೆ ನೂರು ಉಗ್ರಾಣಗಳಲ್ಲಿ ತೆಗೆದು, ಹಾರಿಸಿ, ಅಂತರ ಹಾಕಿದರೆ ಸುಮಾರು ತೊಂಬತ್ತೈದು ಕಡೆ ನಿಜವಾದ ಸಂಖ್ಯೆ ಒಳಗಿರುತ್ತದೆ, ಐದು ಕಡೆ ತಪ್ಪಿಸಿಕೊಂಡಿರುತ್ತದೆ. ನಮ್ಮದು ತೊಂಬತ್ತೈದರಲ್ಲಿ ಒಂದೋ ಐದರಲ್ಲಿ ಒಂದೋ ಎಂದು ಯಾರೂ ಹೇಳಲಾರರು.

ಈಗ ಮಾಡಬೇಕಾದ್ದು ಇದು. ಅಂತರ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹಾರಿಸಬೇಕು. ಅಂದರೆ ಇನ್ನೂ ಮುನ್ನೂರು. ಅರವತ್ತು ದೋಣಿಗೆ ಬೇಕಾದ್ದು ಮುನ್ನೂರು ತಾನೇ, ಬೇಕಾದಷ್ಟು ಉಳಿಯುತ್ತದೆ. ಒಂದು ಡಬ್ಬಿಯಿಂದ ಒಟ್ಟು ಮೂರಕ್ಕಿಂತ ಹೆಚ್ಚು ತೆಗೆಯಬೇಡಿ. ಮುಖ್ಯವಾಗಿ, ಆರಿಸಬೇಡಿ. ಇದು ಹೊಳೆಯುತ್ತಿದೆ, ಅದು ಮಂಕಾಗಿದೆ ಎಂದು ನೋಡಲೇಬೇಡಿ. ಕಣ್ಣು ಮುಚ್ಚಿ ತೆಗೆಯಿರಿ.

ಬೇಗ ಬರೆಯಿರಿ. ನನಗೆ ಇಲ್ಲಿ ಕೂರಲು ಆಗುತ್ತಿಲ್ಲ.

ನಿಮ್ಮ
ದೊಡ್ಡವಳು


ಏಪ್ರಿಲ್ 3

ದೊಡ್ಡವಳಿಗೆ,

ಮುನ್ನೂರು ಹಾರಿಸಿ ಆಯಿತು. ಸಂಖ್ಯೆ ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳಿದರೆ ನೀನು ಉಳಿದದ್ದನ್ನು ಓದುವವಳಲ್ಲ.

ಬಂದರಿನ ಅಧ್ಯಕ್ಷರ ಹತ್ತಿರ ಅನುಮತಿ ಕೇಳಲು ಹೋದೆ. "ಮುನ್ನೂರು ಬಾಣ ಸುಮ್ಮನೆ ಸುಡೋದಕ್ಕೆ ನಿಮಗೇನು ತಲೆ ಕೆಟ್ಟಿದೆಯೇನ್ರೀ?" ಎಂದರು. "ಮಗಳು ಹೇಳಿದ್ದಾಳೆ ಸರ್" ಎಂದೆ. "ಯಾವ ಮಗಳು?" "ಅದೇ, ಎರಡು ವರ್ಷದ ಹಿಂದೆ ನಿಮ್ಮೆದುರೇ ನಿಂತ್ಕೊಂಡು ಉಗ್ರಾಣದಲ್ಲಿ ಅಪ್ಪನ ಕುರ್ಚಿ ನನಗೆ ಬೇಡ ಅಂದಳಲ್ಲ, ಅವಳು." ಅಧ್ಯಕ್ಷರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅನುಮತಿ ಬರೆದುಕೊಟ್ಟರು.

ಕಣ್ಣು ಮುಚ್ಚಿ ತೆಗೆ ಎಂದಿದ್ದೆಯಲ್ಲ, ಅಕ್ಷರಶಃ ಹಾಗೇ ಮಾಡಿದೆ. ಕಪಾಟಿನ ಎದುರು ನಿಂತು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಕೈ ಚಾಚಿದೆ. ಸಿಕ್ಕ ಡಬ್ಬಿಯಿಂದ ಒಂದು ಬಾಣ. ಎರಡು ಹೆಜ್ಜೆ ಪಕ್ಕಕ್ಕೆ, ಮತ್ತೆ ಕೈ. ಗುಮಾಸ್ತ ನಗು ತಡೆಯಲಾರದೆ ಹೊರಗೆ ಹೋದ. ಮೂವತ್ತೆಂಟು ವರ್ಷ ಕಣ್ಣು ತೆರೆದು ಮಾಡಿದ ಕೆಲಸವನ್ನು ಕಣ್ಣು ಕಟ್ಟಿಕೊಂಡು ಮಾಡಿದ್ದೇನೆ, ಡಬ್ಬಿಯ ನಂಬರುಗಳನ್ನು ಮಾತ್ರ ತಪ್ಪದೆ ಬರೆಸಿದ್ದೇನೆ.

ದಿನಕ್ಕೆ ಐವತ್ತರಂತೆ ಆರು ಸಂಜೆ. ಅಲೆ ತಡೆಯುವ ಕಲ್ಲುಗೋಡೆಯ ತುದಿಗೆ ಕೆಂಪು ಬಾವುಟ ನೆಟ್ಟು, ಇದು ಪರೀಕ್ಷೆಯ ಬಾಣ, ಯಾರೂ ಗಾಬರಿಯಾಗಬೇಡಿ ಎಂದು ಫಲಕ ಹಾಕಿದೆವು. ಮೊದಲ ದಿನ ನಾವು ಮೂರೇ ಜನ. ಮೂರನೆಯ ದಿನ ಕ್ರೇನಿನವನು ಕ್ರೇನು ನಿಲ್ಲಿಸಿ ಬಂದ. ನಾಲ್ಕನೆಯ ದಿನ ಬಲೆ ಹೆಣೆಯುವ ಹೆಂಗಸರೆಲ್ಲ ಬಂದು ಕಲ್ಲಿನ ಮೇಲೆ ಕೂತರು. ಬಾಣ ಏರಿದರೆ ಮಾತಿಲ್ಲ, ಠುಸ್ ಎಂದರೆ ಇಡೀ ಗೋಡೆಯೇ ಅಯ್ಯೋ ಎನ್ನುತ್ತಿತ್ತು. ನಿನ್ನ ತಂಗಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಐದನೆಯ ಸಂಜೆಗೆ ಏಳು ಗೆರೆಯಾಗಿತ್ತು. ಆರನೆಯ ಸಂಜೆ ಎಲ್ಲರೂ ಸೇರಿ ಎಣಿಸಿದರು. ಹತ್ತು, ಇಪ್ಪತ್ತು, ನಲವತ್ತು, ಐವತ್ತು. ಐವತ್ತೂ ಏರಿದವು. ಕ್ರೇನಿನವನು ನನ್ನನ್ನು ಎತ್ತಿಕೊಳ್ಳಲು ಬಂದ, ನಾನು ಗದರಿದೆ.

ಮುನ್ನೂರಕ್ಕೆ ಏಳು. ಹಿಂದಿನ ಎರಡು ಸೇರಿ ನಾನೂರಕ್ಕೆ ಒಂಬತ್ತು. ಈಗ ನಿನ್ನ ಇಂದ-ವರೆಗೆ ಎಷ್ಟು ಎಂದು ಹೇಳು.

ನಿನ್ನ ಮಾತಿನಲ್ಲಿ ಒಂದು ತಿದ್ದುಪಡಿ ಇದೆ. ನಿಜವಾದ ಸಂಖ್ಯೆ ತಪ್ಪಿಸಿಕೊಂಡಿರುತ್ತದೆ ಎಂದು ಬರೆದಿದ್ದೀಯ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಉಗ್ರಾಣದಲ್ಲಿ ಕೆಟ್ಟ ಬಾಣ ಎಷ್ಟಿವೆಯೋ ಅಷ್ಟೇ ಇವೆ, ಮೀನು ನಿಂತಲ್ಲೇ ನಿಂತಿದೆ. ಬೀಸುವ ಬಲೆ ಒಮ್ಮೆ ಇಲ್ಲಿ ಬೀಳುತ್ತದೆ, ಒಮ್ಮೆ ಅಲ್ಲಿ. ಬಂದರಿನವನಿಗೆ ಇದನ್ನು ನೀನು ಹೇಳಿಕೊಡಬೇಕಾಗಿಲ್ಲ.

ಇತಿ,
ನಿನ್ನ ತಂದೆ


ಏಪ್ರಿಲ್ 8

ಅಪ್ಪ,

ಒಂದರಿಂದ ನಾಲ್ಕೂಕಾಲರವರೆಗೆ.

ಇನ್ನೊಮ್ಮೆ ಬರೆಯುತ್ತೇನೆ, ಬರೆಯುವುದಕ್ಕೇ ಖುಷಿ. ಒಂದರಿಂದ ನಾಲ್ಕೂಕಾಲರವರೆಗೆ. ಐದು ಹೊರಗೆ ಬಿತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಅಷ್ಟೇ. ನಮ್ಮ ಮುಖ್ಯಸ್ಥೆಗೆ ತೋರಿಸಿದೆ. ಅವರು ಯಾರ ಲೆಕ್ಕವನ್ನೂ ಒಂದೇ ಸಲಕ್ಕೆ ಒಪ್ಪುವವರಲ್ಲ. ಹಾಳೆ ತಿರುಗಿಸಿ ನೋಡಿ, "ಈ ಬಲೆಯ ಮಾತು ಯಾರು ಹೇಳಿದ್ದು?" ಎಂದು ಕೇಳಿದರು. ನಮ್ಮಪ್ಪ ಎಂದೆ. "ಇಲ್ಲಿಗೆ ಕೆಲಸಕ್ಕೆ ಬರ್ತಾರಾ ಕೇಳು" ಎಂದರು. ಕೇಳಿದ್ದೇನೆ ನೋಡಿ. ಆದರೆ ಕುರ್ಚಿ ಬೇಡ ಎನ್ನುವುದಾದರೆ ಅವರೆದುರು ಹೇಳಬೇಡಿ, ಮೊದಲು ನನಗೆ ಹೇಳಿ.

ಈ ಸಾಲನ್ನು ಬರೆದು ಹತ್ತು ನಿಮಿಷ ಹೊಡೆದುಹಾಕಲೋ ಬೇಡವೋ ಎಂದು ಕೂತಿದ್ದೆ. ಇರಲಿ ಬಿಡಿ.

ಸಹಿ ಹಾಕಿ, ಅಪ್ಪ. ಎರಡೂ ಕೈಯಲ್ಲಿ ಹಾಕಿ. ತಂಗಿಗೆ ಹೇಳಿ, ನಿನ್ನ ಡಬ್ಬಿಯಲ್ಲಿ ಐದಕ್ಕೆ ಐದೂ ಕೆಡುವ ಭಯ ಬೇಡ ಎಂದು.

ಮುಂದಿನ ತಿಂಗಳು ಹೊಸದಾಗಿ ಸೇರಿದವರಿಗೆ ನಾನು ಪಾಠ ಮಾಡಬೇಕು. ಬಲ್ಬು ಸಾಕಾಗಿದೆ, ನಿಮ್ಮ ಬಾಣಗಳನ್ನೇ ತೋರಿಸುತ್ತೇನೆ. ತೆಗೆದ ಡಬ್ಬಿಗಳ ನಂಬರಿನ ಪಟ್ಟಿ ಕಳಿಸಿಕೊಡಿ, ಗೋಡೆಗೆ ಹಚ್ಚಲು.

ಹಿಗ್ಗಿ ಹೀರೆಕಾಯಿಯಾಗಿರುವ
ದೊಡ್ಡವಳು


ಏಪ್ರಿಲ್ 17

ದೊಡ್ಡವಳೇ,

ಸಹಿ ಹಾಕಿದೆ. ಅಧ್ಯಕ್ಷರ ಕೋಣೆಯಲ್ಲಿ, ತಪಾಸಣೆಯವರ ಎದುರಿಗೆ, 'ನೂರಕ್ಕೆ ಒಂದರಿಂದ ನಾಲ್ಕೂಕಾಲು' ಎಂದು ಪೂರ್ತಿ ಬರೆದು ಕೆಳಗೆ ನನ್ನ ಹೆಸರು. ತಪಾಸಣೆಯವರು "ಇಷ್ಟುದ್ದ ಯಾಕೆ, ಎರಡು ಅಂತ ಬರೆದರೆ ಸಾಲದಾ?" ಎಂದರು. "ಎರಡು ಅಂತ ಬರೆದರೆ ನನಗೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ ಹಾಗಾಗತ್ತೆ" ಎಂದೆ. ಪ್ರಮಾಣಪತ್ರದ ಪ್ರತಿಯನ್ನು ಬಂದರಿನ ಬಾಗಿಲಿಗೆ ಅಂಟಿಸಿದ್ದಾರೆ. ಹೋಗುವವರು ಬರುವವರು ನಿಂತು ಓದುತ್ತಾರೆ. ನಾನೂ ದಿನಕ್ಕೆರಡು ಸಲ ಆ ಕಡೆ ಹೋಗುವ ಕೆಲಸ ಹುಡುಕಿಕೊಳ್ಳುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹಂಚುವುದು ನಿನ್ನೆಯಿಂದ ಶುರುವಾಗಿದೆ. ಗುಮಾಸ್ತ ಒಂದನೇ ನಂಬರಿನಿಂದ ಕ್ರಮವಾಗಿ ಕೊಡುತ್ತಿದ್ದಾನೆ. ಅರವತ್ತು ದೋಣಿಗೆ ಒಂದರಿಂದ ಅರವತ್ತು, ದಾಖಲೆಗೆ ಸುಲಭ. ನಿನ್ನ ತಂಗಿ ಸರದಿಯಲ್ಲಿ ನಿಂತು ಎಲ್ಲರ ಹಾಗೆ ಸಹಿ ಮಾಡಿ ತೆಗೆದುಕೊಂಡಳು. ನನ್ನನ್ನು "ಸರ್" ಎಂದು ಕರೆದಳು, ತಲೆಹರಟೆ.

ನೀನು ಕೇಳಿದ ಪಟ್ಟಿ ಈ ಕಾಗದದ ಜೊತೆಗಿದೆ. ಗೋಡೆಗೆ ಹಚ್ಚುವಾಗ ಅಂಟು ಜಾಸ್ತಿ ಹಾಕು, ಕಾಗದ ತೆಳು.

ಕೆಲಸಕ್ಕೆ ಕರೆದದ್ದಕ್ಕೆ ನಿಮ್ಮ ಮುಖ್ಯಸ್ಥೆಗೆ ಧನ್ಯವಾದ ಹೇಳು. ಕುರ್ಚಿಯ ವಿಷಯ ಯೋಚಿಸಿ ಮೊದಲು ನಿನಗೇ ಹೇಳುತ್ತೇನೆ.

ಅಪ್ಪ


ಏಪ್ರಿಲ್ 24

ಅಕ್ಕ,

ಮೊನ್ನೆ ನೀನು ಬಂದರಿನ ಕಚೇರಿಗೆ ಫೋನು ಮಾಡಿ ಇಟ್ಟ ಮೇಲೆ ಇಲ್ಲಿ ಆದದ್ದನ್ನೆಲ್ಲ ಅಪ್ಪ ನಿನಗೆ ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಕೈಯೆಲ್ಲ ಮಸಿ, ಕಾಗದ ಕೊಳೆಯಾಗಿದ್ದರೆ ಬೈಯಬೇಡ.

ಪಟ್ಟಿಯಲ್ಲಿ ಎಂಬತ್ತೊಂದಕ್ಕಿಂತ ಕೆಳಗಿನ ಒಂದು ನಂಬರೂ ಇಲ್ಲ, ಯಾಕೆ ಎಂದು ನೀನು ಕೇಳಿದ್ದಕ್ಕೆ ಅಪ್ಪ ಫೋನಿನಲ್ಲಿ ಉತ್ತರ ಕೊಡಲಿಲ್ಲವಂತೆ. ಉತ್ತರ ನನ್ನ ಹತ್ತಿರ ಇದೆ. ಒಂದರಿಂದ ಎಂಬತ್ತು ಇರುವುದು ಕಪಾಟಿನ ಕೆಳಗಿನ ಸಾಲಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಅಪ್ಪನ ಬಲ ಮಂಡಿ ಒಂದೂವರೆ ವರ್ಷದಿಂದ ಮಡಚುವುದಿಲ್ಲ. ಬಗ್ಗಿದರೆ ಏಳಲು ಯಾರಾದರೂ ಕೈ ಕೊಡಬೇಕು. ಯಾರನ್ನೂ ಕೇಳುವವರಲ್ಲ, ಹಾಗಾಗಿ ಬಗ್ಗುವುದನ್ನೇ ಬಿಟ್ಟಿದ್ದಾರೆ. ಮೊದಲ ನೂರನ್ನೂ ನಿಂತ ಕಡೆಯಿಂದಲೇ ತೆಗೆದರು. ಆಮೇಲೆ ಕಣ್ಣು ಕಟ್ಟಿಕೊಂಡು ಕೈ ಚಾಚಿದಾಗ ಅದು ಹೋದದ್ದು ಎದೆಯೆತ್ತರಕ್ಕೆ, ತಲೆಯೆತ್ತರಕ್ಕೆ. ಮೋಸ ಮಾಡಬೇಕೆಂದು ಅಲ್ಲ ಅಕ್ಕ, ಅವರಿಗೆ ಅದು ಹೊಳೆಯಲೇ ಇಲ್ಲ. ನಿನಗೆ ಮಂಡಿಯ ವಿಷಯ ಬರೆಯಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. "ಅವಳು ಕೆಲಸ ಬಿಟ್ಟು ಓಡಿ ಬಂದರೆ ನಾನೇ ಕರೆಸಿಕೊಂಡ ಹಾಗಾಗತ್ತೆ" ಎನ್ನುತ್ತಿದ್ದರು.

ಫೋನು ಇಟ್ಟು ನೇರ ಉಗ್ರಾಣಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಕಪಾಟಿನ ಕಂಬ ಹಿಡಿದುಕೊಂಡು ಇಡೀ ಮೈಯನ್ನು ನೆಲಕ್ಕೆ ಇಳಿಸಿ, ಕೆಳಗಿನ ಸಾಲಿನ ಹಿಂದಕ್ಕೆ ಕೈ ಹಾಕಿದರು. ಹಲಗೆ ಒದ್ದೆ. ಉಬ್ಬರದ ದಿನಗಳಲ್ಲಿ ಗೋಡೆಯ ಬುಡದಿಂದ ನೀರು ಜಿನುಗುತ್ತದೆ, ಬಗ್ಗಿ ನೋಡದವರಿಗೆ ಕಾಣುವುದಿಲ್ಲ. ಅಪ್ಪ ಕೈ ತೆಗೆದು ಮೂಸಿ ನೋಡಿದರು. "ಎಬ್ಬಿಸು" ಎಂದು ನನಗೆ ಕೈ ಕೊಟ್ಟರು. ಒಂದೂವರೆ ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಅಲ್ಲಿಂದ ಅಧ್ಯಕ್ಷರ ಕೋಣೆಗೆ. ನಾನು ಬಾಗಿಲಲ್ಲೇ ನಿಂತಿದ್ದೆ.

"ನನ್ನ ಸಹಿ ವಾಪಸ್ ಕೊಡಿ ಸರ್."

"ವಾಪಸ್ ಇಸ್ಕೊಳ್ಳೋಕೆ ಅದೇನು ಛತ್ರೀನೇನ್ರೀ? ನಲವತ್ತೆರಡು ದೋಣಿಗೆ ಡಬ್ಬಿ ಹೋಗಿದೆ. ಬಾಗಿಲಿಗೆ ಅಂಟಿಸಿ ಆಗಿದೆ."

"ಎಲ್ಲವೂ ಕೆಳಗಿನ ಸಾಲಿನವು. ಅದರಲ್ಲಿ ಒಂದನ್ನೂ ನಾನು ನೋಡಿಲ್ಲ."

"ಯಾಕೆ ನೋಡಲಿಲ್ಲ ಅಂತ ಬರೀಬೇಕಾಗತ್ತೆ. ಊರಿಗೆಲ್ಲ ಗೊತ್ತಾಗತ್ತೆ."

"ಗೊತ್ತಾಗಲಿ. ಸಹಿ ನಂದು, ಮಂಡಿ ನಂದು."

ಬಾಗಿಲಿಗೆ ಅಂಟಿಸಿದ್ದನ್ನು ಅಪ್ಪನೇ ಕಿತ್ತರು. ಅದೇ ಜಾಗದಲ್ಲಿ ತಮ್ಮ ಕೈಯಾರೆ ಬರೆದು ಹಚ್ಚಿದರು, 'ಮಂಡಿ ನೋವಿನಿಂದ ಕೆಳಗಿನ ಸಾಲನ್ನು ಪರೀಕ್ಷಿಸಿರಲಿಲ್ಲ, ತಪ್ಪು ನನ್ನದು, ಡಬ್ಬಿಗಳನ್ನು ಹಿಂದಿರುಗಿಸಿ' ಎಂದು. ಆಮೇಲೆ ದೋಣಿಯಿಂದ ದೋಣಿಗೆ ಕುಂಟುತ್ತಾ ಹೋಗಿ ತಾವೇ ಕೇಳಿಕೊಂಡರು. ಕೆಲವರು ಗೊಣಗಿದರು. ಒಬ್ಬ, "ಹೋದ ವಾರ ಚೆನ್ನಾಗಿದೆ ಅಂದ್ರಿ, ಈ ವಾರ ಕೆಟ್ಟಿದೆ ಅಂತೀರಿ, ಯಾವುದನ್ನ ನಂಬೋದು?" ಎಂದ. "ಈ ವಾರದ್ದನ್ನ" ಎಂದರು ಅಪ್ಪ. ನನ್ನ ಡಬ್ಬಿಯನ್ನೂ ಇಸಿದುಕೊಂಡರು.

ಆ ಫೋನಿನಲ್ಲೇ ನೀನು ಹೇಳಿದ್ದಂತೆ ಎಂಬತ್ತು ಚೀಟಿ ಬರೆದು, ಬಕೆಟ್ಟಿನಲ್ಲಿ ಕಲಸಿ, ಅರವತ್ತು ಎತ್ತಿದೆವು. ಆ ಅರವತ್ತು ಡಬ್ಬಿಗಳಿಂದ ಒಂದೊಂದು. ನಿನ್ನೆ ಬೆಳಿಗ್ಗೆ ಹಾರಿಸಿದೆವು. ಗೋಡೆಯ ಮೇಲೆ ಊರೇ ನೆರೆದಿತ್ತು. ಮೊದಲ ಹತ್ತರಲ್ಲಿ ನಾಲ್ಕು ಠುಸ್. ಆಮೇಲೆ ಯಾರೂ ಅಯ್ಯೋ ಎನ್ನಲೇ ಇಲ್ಲ. ಗೊಣಗಿದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅರವತ್ತಕ್ಕೆ ಇಪ್ಪತ್ತೊಂದು, ಅಕ್ಕ. ಇವನ್ನು ಹಿಡಿದುಕೊಂಡು ನಾವು ಅರವತ್ತು ದೋಣಿಯವರು ಒಂದನೇ ತಾರೀಕು ಹೊರಡುವವರಿದ್ದೆವು.

ಈಗ ಉಗ್ರಾಣದ ಅಂಗಳದಲ್ಲಿ ಎಲ್ಲ ದೋಣಿಯವರೂ ಕೂತು ಮೇಲಿನ ಎರಡು ಸಾಲಿನಲ್ಲಿ ಉಳಿದ ನಾನೂರು ಬಾಣಗಳನ್ನು ಐದೈದರಂತೆ ಬೇರೆ ಡಬ್ಬಿಗೆ ತುಂಬುತ್ತಿದ್ದೇವೆ. ಒಂದು ಡಬ್ಬಿಯ ಎಲ್ಲವನ್ನೂ ಒಂದೇ ದೋಣಿಗೆ ಕೊಡಬಾರದು, ಬೇರೆ ಬೇರೆ ಕಡೆಯಿಂದ ಕಲಸಿ ಎಂದು ಅಪ್ಪನ ಆಜ್ಞೆ. ಕುರ್ಚಿಯ ಮೇಲೆ ಕಾಲು ನೀಡಿ ಕೂತು ಎಲ್ಲರ ಮೇಲೂ ರೇಗುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ.

ಒಂದನೇ ತಾರೀಕು ಹೊರಡುತ್ತೇನೆ.

ನಿನ್ನ
ಚಿಕ್ಕವಳು


ಏಪ್ರಿಲ್ 29

ಅಪ್ಪ,

ತಪ್ಪು ನಿಮ್ಮದು ಎಂದು ಬಾಗಿಲಿಗೆ ಬರೆದು ಹಚ್ಚಿದ್ದೀರಂತೆ. ಅರ್ಧ ಹರಿದು ಇಲ್ಲಿಗೆ ಕಳಿಸಿ, ನನ್ನ ಬಾಗಿಲಿಗೆ ಹಚ್ಚುತ್ತೇನೆ. ಚೀಟಿ ಎತ್ತಿ ಎಂದು ಮೊದಲ ಕಾಗದದಲ್ಲೇ ಬರೆಯಬೇಕಾದವಳು ನಾನು. ನಿಮ್ಮ ಕಾಗದ ಬಂದ ಸಂಭ್ರಮದಲ್ಲಿ ಕಣ್ಣು ಮುಚ್ಚಿ ತೆಗೆಯಿರಿ ಎಂದು ಬರೆದುಬಿಟ್ಟೆ. ಕಣ್ಣು ಮುಚ್ಚಿಕೊಂಡರೂ ಕೈ ಇರುವುದು ಹೆಗಲಿನ ತುದಿಯಲ್ಲೇ ಎಂಬುದು ಹೊಳೆಯಲಿಲ್ಲ. ಹೊಸಬರಿಗೆ ಪಾಠದ ಮೊದಲ ದಿನವೇ ಹೇಳುವ ಮಾತಿದು.

ಒಂದರಿಂದ ನಾಲ್ಕೂಕಾಲು ಈಗಲೂ ಸುಳ್ಳಲ್ಲ. ಅದು ಮೇಲಿನ ಎರಡು ಸಾಲುಗಳ ಅಂತರ. ನಾವಿಬ್ಬರೂ ಅದನ್ನು ಇಡೀ ಉಗ್ರಾಣಕ್ಕೆ ಹೊದಿಸಲು ಹೋದೆವು. ನನ್ನ ಸೂತ್ರಕ್ಕೆ ಅದೃಷ್ಟದ ಏರುಪೇರು ಗೊತ್ತು, ಮಂಡಿನೋವು ಗೊತ್ತಿಲ್ಲ. ಅದನ್ನು ಮನುಷ್ಯರು ಮನುಷ್ಯರಿಗೆ ಹೇಳಬೇಕು. ನೀವು ಹೇಳಲಿಲ್ಲ, ನಾನು ಎರಡು ವರ್ಷ ಕೇಳಲಿಲ್ಲ. ಹೇಗಿದ್ದೀರಿ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ದಿನ ಅಧ್ಯಕ್ಷರೆದುರು ಬೇಡ ಎಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮೊದಲು ಮನೆಯಲ್ಲಿ ನಿಮಗೊಬ್ಬರಿಗೇ ಹೇಳದೆ ಹೋದದ್ದಕ್ಕೆ ಇದೆ, ಬಹಳ ಇದೆ.

ಕೆಳಗಿನ ಸಾಲಿನ ಅಂತರ ಹಾಕಿದ್ದೇನೆ. ನೂರಕ್ಕೆ ಇಪ್ಪತ್ತಮೂರರಿಂದ ನಲವತ್ತೆಂಟರವರೆಗೆ. ಅರವತ್ತೇ ಹಾರಿಸಿದ್ದರಿಂದ ಇಷ್ಟು ಅಗಲ. ಆದರೆ ಎಷ್ಟೇ ಅಗಲವಿದ್ದರೂ ಐದು ಇದರ ಹತ್ತಿರಕ್ಕೂ ಸುಳಿಯುವುದಿಲ್ಲ, ನಿರ್ಧಾರಕ್ಕೆ ಇಷ್ಟು ಸಾಕು. ಇದರೊಳಗೆ ನಿಜವಾದ ಸಂಖ್ಯೆ ಎಲ್ಲಿ ಕೂತಿದೆಯೋ ಗೊತ್ತಿಲ್ಲ. ಅದೊಂದು ಈ ಕೆಲಸದ ಕೊರಗು. ಇಲ್ಲಿಗೆ ಬಂದಾಗಿನಿಂದ ಮುನ್ನೂರಕ್ಕೂ ಹೆಚ್ಚು ಅಂತರಗಳನ್ನು ಬರೆದುಕೊಟ್ಟಿದ್ದೇನೆ. ಅವುಗಳಲ್ಲಿ ಒಂದಾದರೂ ಹಿಡಿಯಿತೋ ಇಲ್ಲವೋ ಎಂದು ಯಾರೂ ನನಗೆ ಹೇಳಿಲ್ಲ. ಬಲ್ಬುಗಳು ಮಾರಾಟವಾಗಿ ಹೋಗುತ್ತವೆ.

ಮಂಡಿಯನ್ನು ವೈದ್ಯರಿಗೆ ತೋರಿಸಿ. ಇದನ್ನು ನಾನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ನಿಮ್ಮ
ದೊಡ್ಡವಳು


ಮೇ 21

ಪ್ರೀತಿಯ ದೊಡ್ಡವಳೇ,

ದೋಣಿಗಳು ಒಂದನೇ ತಾರೀಕೇ ಇಳಿದವು. ವೈದ್ಯರನ್ನು ನೋಡಿದ್ದೇನೆ, ದಿನಾ ಬೆಳಿಗ್ಗೆ ಬಿಸಿನೀರಿನ ಶಾಖ, ಅರ್ಧ ಗಂಟೆ ವ್ಯಾಯಾಮ. ಅದಾಯಿತಲ್ಲ, ಈಗ ಸುದ್ದಿ ಕೇಳು.

ಕೆಳಗಿನ ಸಾಲಿನಲ್ಲಿ ಮುನ್ನೂರ ನಲವತ್ತು ಬಾಣಗಳು ಉಳಿದಿದ್ದವು. ಕೆಟ್ಟ ಸಾಮಾನನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಹಾಳು ಮಾಡಬೇಕೆಂದು ನಿಯಮ. ಅಧ್ಯಕ್ಷರ ಹತ್ತಿರ ಹೋಗಿ, ಮುಳುಗಿಸುವ ಬದಲು ಒಂದೊಂದಾಗಿ ಹಾರಿಸುತ್ತೇನೆ ಎಂದೆ. "ಅದರಿಂದ ಬಂದರಿಗೇನು ಲಾಭ?" ಎಂದರು. "ಬಂದರಿಗೇನಿಲ್ಲ ಸರ್, ನನ್ನ ಮಗಳಿಗೆ ಒಂದು ಸಂಖ್ಯೆ ಬೇಕು" ಎಂದೆ. ಅವರು ಈಗೀಗ ನನ್ನ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದಾರೆ.

ಏಳು ಸಂಜೆ ಹಿಡಿಯಿತು. ಗೋಡೆಯ ತುದಿಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು, ಒಂದನ್ನೂ ಬಿಡದೆ ಎಣಿಸಿದೆ. ಕೊನೆಕೊನೆಗೆ ಮತ್ತೆ ಜನ ಸೇರತೊಡಗಿದರು. ನಿನ್ನ ಇಪ್ಪತ್ತಮೂರು ಮತ್ತು ನಲವತ್ತೆಂಟನ್ನು ಬಲೆ ಹೆಣೆಯುವವರು ಸೀಮೆಸುಣ್ಣದಲ್ಲಿ ಗೋಡೆಯ ಎರಡು ಕಡೆ ಬರೆದಿಟ್ಟಿದ್ದರು. ಮುನ್ನೂರ ನಲವತ್ತಕ್ಕೆ ನೂರ ಹನ್ನೆರಡು ಠುಸ್. ಮೊದಲಿನ ಇಪ್ಪತ್ತೊಂದು ಸೇರಿದರೆ ನಾನೂರಕ್ಕೆ ನೂರ ಮೂವತ್ಮೂರು. ನೂರಕ್ಕೆ ಮೂವತ್ಮೂರೂಕಾಲು. ಇದಕ್ಕೆ ಇಂದ-ವರೆಗೆ ಇಲ್ಲ. ಇದು ಮೀನೇ.

ನಿನ್ನ ಬಲೆ ಹಿಡಿದಿತ್ತು, ಮಗಳೇ. ನಡುಮಧ್ಯದಲ್ಲೇ ಹಿಡಿದಿತ್ತು. ಕ್ರೇನಿನವನು ಈ ಸಲ ನನ್ನನ್ನು ಕುರ್ಚಿಯ ಸಮೇತ ಎತ್ತಿದ. ಗದರಲಿಲ್ಲ.

ಆ ದಿನದ ಮಾತನ್ನು ಬರೆದಿದ್ದೀಯ, ಓದಿದೆ. ನಾನೂ ಒಂದು ಹೇಳಬೇಕು. ನೀನು ಈ ಕುರ್ಚಿಯಲ್ಲೇ ಕೂತಿದ್ದರೆ ಉಗ್ರಾಣ ನಿನಗೂ ನನ್ನಷ್ಟೇ ರೂಢಿಯಾಗಿ, ನೀನೂ ಎದೆಯೆತ್ತರದ ಡಬ್ಬಿಯನ್ನೇ ತೆಗೆಯುತ್ತಿದ್ದೆ. ಅಷ್ಟು ದೂರ ಹೋಗಿ ಕೂತಿದ್ದರಿಂದಲೇ ಬರೀ ನಂಬರುಗಳನ್ನು ನೋಡಿ ಕೆಳಗಿನ ಸಾಲು ಇಲ್ಲ ಎಂದು ಕಂಡುಹಿಡಿದೆ. ಹೋದದ್ದು ಸರಿಯಾಯಿತು. ಇದನ್ನು ಹೇಳಲು ನನಗೆ ಎರಡು ವರ್ಷ ಮತ್ತು ಎಂಟುನೂರು ಬಾಣ ಖರ್ಚಾಯಿತು.

ಇನ್ನೊಂದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ನಿನ್ನ ತಂಗಿ ಹಿಂದಿರುಗಿಸಿದ ಡಬ್ಬಿ ಚೀಟಿಯಲ್ಲಿ ಬಂದಿರಲಿಲ್ಲ, ಐದೂ ಹಾಗೇ ಇದ್ದವು. ಅದನ್ನು ಪಕ್ಕಕ್ಕಿಟ್ಟು ಏಳನೆಯ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಒಬ್ಬನೇ ತೆಗೆದೆ. ಮೊದಲನೆಯದು ಹೊತ್ತಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದೂ ಇಲ್ಲ. ಐದಕ್ಕೆ ಐದೂ ಹೊತ್ತಲಿಲ್ಲ. ಮೂವತ್ಮೂರೂಕಾಲು ಎನ್ನುವುದು ಇಡೀ ಸಾಲಿಗೆ. ಒಂದು ದೋಣಿಗೆ ಸಿಗುವುದು ಒಂದು ಡಬ್ಬಿ.

ಪುಸ್ತಕದಲ್ಲಿ ಆ ನೂರ ಹನ್ನೆರಡರ ಕೊನೆಯ ಐದು ಗೆರೆ ಎಳೆದು ತಲೆ ಎತ್ತಿದೆ. ಅವಳ ದೋಣಿ ಬಂದರಿನ ಬಾಯಿ ದಾಟಿ ಒಳಗೆ ಬರುತ್ತಿತ್ತು, ಒಳ್ಳೆಯ ಮೀನು ಸಿಕ್ಕಿರಬೇಕು, ಭಾರಕ್ಕೆ ತಗ್ಗಿತ್ತು. ಅವಳು ಚುಕ್ಕಾಣಿ ಬಿಡದೆ ಒಂದು ಕೈ ಎತ್ತಿ ಬೀಸಿದಳು. ನಾನು ಕುರ್ಚಿಯಿಂದ ಎದ್ದು ನಿಂತು ಬೀಸಿದೆ, ಅವಳು ದೋಣಿ ಕಟ್ಟಿ ಇಳಿಯುವವರೆಗೂ ಕೂರಲಿಲ್ಲ.

ನಿನ್ನ
ಅಪ್ಪ